ನೆಟ್ ಎಲ್ಲಿಯವರೆಗೆ ಬಂದಿದೆ?

ಜುಲೈ ತಿಂಗಳ ಒಂದು ಬೆಳಿಗ್ಗೆ ಒಂಬತ್ತೂಕಾಲಿಗೆ ಅಣ್ಣನ ಮಗಳ ಫೋನು. ಬೆಂಗಳೂರಿನ ಕಂಪನಿಯಲ್ಲಿ ಕೆಲಸ ಮಾಡುವವಳು, ಮಳೆ ನೋಡುವ ಆಸೆಗೆ ಒಂದು ತಿಂಗಳು ಮೂಡಿಗೆರೆ ಹತ್ತಿರದ ತೋಟದ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಬಂದಿದ್ದಳು.

“ಚಿಕ್ಕಪ್ಪಾ, ನನ್ನ ಲ್ಯಾಪ್‌ಟಾಪ್ ಕೆಟ್ಟೋಗಿದೆ. ನೆಟ್ಟೇ ಬರ್ತಿಲ್ಲ. ಹತ್ತು ಗಂಟೆಗೆ ಮೀಟಿಂಗ್ ಇದೆ.”

“ಕೆಟ್ಟಿರೋದು ಲ್ಯಾಪ್‌ಟಾಪೇ ಅಂತ ಹೆಂಗೆ ಗೊತ್ತಾಯ್ತು?”

“ಮೊಬೈಲಲ್ಲಿ ಬರ್ತಾ ಇದೆಯಲ್ಲ!”

ಮೊಬೈಲ್ ಡೇಟಾ ಆಫ್ ಮಾಡಿ, ಬರೀ ವೈಫೈ ಇಟ್ಟುಕೊಂಡು ನೋಡು ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅಯ್ಯೋ, ಇದರಲ್ಲೂ ಹೋಯ್ತು.”

ಮನೆಯ ವೈಫೈನಲ್ಲಿ ಇಂಟರ್‌ನೆಟ್ ಸತ್ತಿದೆ ಎಂದು ಗೊತ್ತಾದ ಕೂಡಲೇ ಇವತ್ತಿನ ಫೋನುಗಳು ಯಾರನ್ನೂ ಕೇಳದೆ ಸಿಮ್ ಕಾರ್ಡಿನ ಡೇಟಾಕ್ಕೆ ಜಿಗಿದುಬಿಡುತ್ತವೆ. ವಾಟ್ಸಾಪ್ ಎಂದಿನಂತೆ ನಡೆಯುತ್ತದೆ. ಸಿಮ್ ಇಲ್ಲದ ಲ್ಯಾಪ್‌ಟಾಪ್‌ಗೆ ಆ ಭಾಗ್ಯವಿಲ್ಲ, ಹಾಗಾಗಿ ಅಪವಾದ ಅದರ ತಲೆಗೆ. ನನಗೆ ಫೋನ್ ಮಾಡುವ ಹೊತ್ತಿಗೆ ಅವಳು ಆ ಬಡಪಾಯಿಯ ನೆಟ್‌ವರ್ಕ್ ಸೆಟ್ಟಿಂಗನ್ನೆಲ್ಲ ಅಳಿಸಿ ಹಾಕಿಯಾಗಿತ್ತು. ಆಫೀಸಿನ ನೆಟ್‌ವರ್ಕಿಗೆ ಗುಟ್ಟಾದ ದಾರಿ ಮಾಡಿಕೊಡಲು ಕಂಪನಿಯವರು ಹಾಕಿಕೊಟ್ಟಿದ್ದ ವಿಪಿಎನ್ ಕೂಡ ಅದರ ಜೊತೆಗೇ ಹೋಗಿತ್ತು. ಇರದ ರೋಗಕ್ಕೆ ಮದ್ದು ಕೊಟ್ಟು ಹೊಸ ರೋಗ ತಂದುಕೊಂಡ ಹಾಗೆ.

ಫೆಬ್ರವರಿ, ಮಾರ್ಚಿನಲ್ಲಿ ಕಾಫಿಗೆ ಹೂವಿನ ನೀರು ಹೊಡೆಯುವಾಗ ತೋಟದ ತುದಿಯ ಸ್ಪ್ರಿಂಕ್ಲರ್ ತಿರುಗದೆ ನಿಂತಿತೆನ್ನಿ. ಅನುಭವ ಇರುವವರು ಮೊದಲಿಗೇ ಸ್ಪ್ರಿಂಕ್ಲರ್ ಬಿಚ್ಚಿ ಕೂರುವುದಿಲ್ಲ. ಲೈನಿನ ನಡುವಿನ ಒಂದು ಜಾಯಿಂಟ್ ಹತ್ತಿರ ಹೋಗಿ ಅಲ್ಲಿವರೆಗೆ ನೀರು ಬಂದಿದೆಯೇ ನೋಡುತ್ತಾರೆ. ಬಂದಿದ್ದರೆ ತೊಂದರೆ ಅಲ್ಲಿಂದ ಮುಂದೆ, ಇಲ್ಲದಿದ್ದರೆ ಅಲ್ಲಿಂದ ಹಿಂದೆ. ಒಂದೇ ನೋಟಕ್ಕೆ ಅರ್ಧ ಲೈನು ಲೆಕ್ಕದಿಂದ ಹೊರಗೆ ಹೋಯಿತು. ನೆಟ್ ಹೋದಾಗಲೂ ಕೇಳಬೇಕಾದ್ದು ಇದೇ ಪ್ರಶ್ನೆ: ಎಲ್ಲಿಯವರೆಗೆ ಬಂದಿದೆ? ಲ್ಯಾಪ್‌ಟಾಪಿನೊಳಗಿನ ಸೆಟ್ಟಿಂಗು, ಅದರ ವೈಫೈ ಕಾರ್ಡು, ಗಾಳಿಯಲ್ಲಿ ಒಂದಿಷ್ಟು ಅಡಿ, ಗೋಡೆಗೆ ನೇತುಹಾಕಿದ ಪೆಟ್ಟಿಗೆ, ಅಲ್ಲಿಂದ ಕಂಬ ಮರಗಳ ಮೇಲೆ ಹಾದು ಹೋಗುವ ಫೈಬರ್, ಆಚೆಗೆ ಇಂಟರ್‌ನೆಟ್ ಕೊಡುವವರ ಯಂತ್ರಗಳು. ಇಷ್ಟರಲ್ಲಿ ಒಂದು ಜಾಯಿಂಟ್ ಬಿಟ್ಟರೂ ಪರದೆಯ ಮೇಲೆ ಕಾಣುವ ದೂರು ಒಂದೇ: ‘ಇಂಟರ್‌ನೆಟ್ ಇಲ್ಲ’.

ಲೈನಿನ ನಡುವಿನ ಜಾಯಿಂಟ್ ಎಂದರೆ ಗೋಡೆ ಮೇಲಿನ ಆ ಪೆಟ್ಟಿಗೆಯೇ. ಅದರ ಆಚೆಯೋ ಈಚೆಯೋ ಎಂದು ತಿಳಿಯಲು ಕೈಯಲ್ಲಿರುವ ಮೊಬೈಲ್ ಸಾಕು, ಎರಡು ನಿಮಿಷದ ಕೆಲಸ. ಮೊದಲು, ಫೋನಿನ ಡೇಟಾ ಆಫ್ ಮಾಡಿ ಬರೀ ಮನೆಯ ವೈಫೈನಲ್ಲಿ ಯಾವುದಾದರೂ ಹೊಸ ಪುಟ ತೆರೆಯಿರಿ. ಆಮೇಲೆ ತಿರುವುಮುರುವು: ಡೇಟಾ ಆನ್ ಮಾಡಿ, ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪನ್ನು ಸೇರಿಸಿ. ಫೋನಿಗೆ ಮನೆಯ ವೈಫೈನಲ್ಲಿ ನೆಟ್ ಬರುತ್ತಿಲ್ಲ, ಆದರೆ ಲ್ಯಾಪ್‌ಟಾಪ್‌ಗೆ ಹಾಟ್‌ಸ್ಪಾಟ್‌ನಲ್ಲಿ ಬರುತ್ತಿದೆ ಎಂದಾದರೆ ಲ್ಯಾಪ್‌ಟಾಪ್ ನಿರಪರಾಧಿ, ಅದನ್ನು ಮುಟ್ಟಬೇಡಿ. ಫೋನಿಗೆ ವೈಫೈನಲ್ಲಿ ಬರುತ್ತಿದೆ, ಲ್ಯಾಪ್‌ಟಾಪ್‌ಗೆ ಹಾಟ್‌ಸ್ಪಾಟ್‌ನಲ್ಲೂ ಇಲ್ಲ ಎಂದರೆ ತಪ್ಪು ಲ್ಯಾಪ್‌ಟಾಪಿನದೇ. ಎರಡೂ ಸರಿಯಿದ್ದು, ಲ್ಯಾಪ್‌ಟಾಪಿಗೂ ಮನೆಯ ವೈಫೈಗೂ ಮಾತ್ರ ಆಗಿಬರುತ್ತಿಲ್ಲವೆಂದರೆ ಜಗಳ ಅವೆರಡರ ನಡುವಿನದು. ಮೀಟಿಂಗ್ ಹತ್ತಿರ ಬಂದಿದ್ದರೆ ಹಾಟ್‌ಸ್ಪಾಟ್‌ನಲ್ಲೇ ಮುಗಿಸಿ. ಪರೀಕ್ಷೆಯೂ ಆಯಿತು, ಕೆಲಸವೂ ಆಯಿತು. ನಮ್ಮ ಕಡೆ ಸಿಗ್ನಲ್ ಇರುವುದು ಜಗುಲಿಯ ಒಂದು ಮೂಲೆಯಲ್ಲೋ ಅಡಿಗೆಮನೆ ಕಿಟಕಿಯಲ್ಲೋ ಎಂಬುದು ಬೇರೆ ಮಾತು.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ವೈಫೈ ಬೇರೆ, ಇಂಟರ್‌ನೆಟ್ ಬೇರೆ. ವೈಫೈ ಎಂದರೆ ಲ್ಯಾಪ್‌ಟಾಪಿಂದ ಪೆಟ್ಟಿಗೆಯವರೆಗಿನ ರೇಡಿಯೋ ಸಂಪರ್ಕ, ಅಷ್ಟೇ. ಫೈಬರ್ ತುಂಡಾಗಿದ್ದರೂ ಪೆಟ್ಟಿಗೆಗೆ ಕರೆಂಟ್ ಇರುವವರೆಗೆ ವೈಫೈ ಗುರುತು ತುಂಬಿಯೇ ಇರುತ್ತದೆ. ಟ್ಯಾಂಕಿಗೆ ನೀರು ಬರುವುದು ನಿಂತಿದ್ದರೂ ಮನೆಯೊಳಗಿನ ನಲ್ಲಿ ಚೆನ್ನಾಗಿಯೇ ಇರುವುದಿಲ್ಲವೇ? ವಿಂಡೋಸ್‌ನಲ್ಲಿ ಗಡಿಯಾರದ ಪಕ್ಕ ವೈಫೈ ಗುರುತಿನ ಬದಲು ಭೂಗೋಳದ ಚಿತ್ರ ಬಂದಿದ್ದರೆ ಹೊರಗಿನ ದಾರಿ ಸಿಗುತ್ತಿಲ್ಲ ಎಂದರ್ಥ. ಇದನ್ನು ಅದು ಹೇಗೆ ತಿಳಿಯುತ್ತದೆ? ಮೈಕ್ರೋಸಾಫ್ಟ್‌ನ ಒಂದು ವಿಳಾಸದಲ್ಲಿ ಒಂದೇ ಸಾಲಿನ ಪುಟ್ಟ ಕಡತವೊಂದಿದೆ. ವಿಂಡೋಸ್ ಅದನ್ನು ತರಿಸಿ ನೋಡುತ್ತದೆ. ಬಂದರೆ ನೆಟ್ ಇದೆ, ಬಾರದಿದ್ದರೆ ಇಲ್ಲ. ಹಾಗಾಗಿ ವಿಪಿಎನ್ ಅಥವಾ ನೆಟ್ಟಿನ ಕಾವಲುಗಾರನಾದ ಫೈರ್‌ವಾಲ್ ಆ ಒಂದು ವಿಳಾಸಕ್ಕೆ ಅಡ್ಡ ನಿಂತಿದ್ದರೆ, ಉಳಿದದ್ದೆಲ್ಲ ನಡೆಯುತ್ತಿರುವಾಗಲೂ ‘ನೆಟ್ ಇಲ್ಲ’ ಎಂದು ಸುಳ್ಳು ಹೇಳುವುದುಂಟು. ಗುರುತನ್ನು ನಂಬುವ ಮೊದಲು ಒಂದು ಪುಟ ತೆರೆದು ನೋಡಿ.

ಇನ್ನು ಪೆಟ್ಟಿಗೆಯ ಕಡೆ. ನಮ್ಮ ಮಲೆನಾಡಿನಲ್ಲಿ ಹತ್ತರಲ್ಲಿ ಎಂಟು ಸಲ ಕಥೆ ಇರುವುದು ಇಲ್ಲೇ ಎಂದು ನನ್ನ ಅಂದಾಜು.

ಫೈಬರ್ ಮನೆಗಳಲ್ಲಿರುವ ಪೆಟ್ಟಿಗೆಯನ್ನು ಲೈನಿನವರು ಓಎನ್‌ಟಿ ಎನ್ನುತ್ತಾರೆ, ನಾವು ಮೋಡೆಮ್ ಎಂದೇ ಕರೆಯುತ್ತೇವೆ. ಅದರ ಮುಖದ ಮೇಲಿನ ದೀಪಗಳು ಚಂದಕ್ಕೆ ಇಟ್ಟದ್ದಲ್ಲ. ಮೊದಲು ಪವರ್ ದೀಪ. ಅದೇ ಇಲ್ಲದಿದ್ದರೆ ಕರೆಂಟಿನ ವಿಷಯ: ಪ್ಲಗ್ ಯುಪಿಎಸ್ ಇರುವ ಪಾಯಿಂಟಿನಲ್ಲಿ ಇಲ್ಲದಿರಬಹುದು, ಅಡಾಪ್ಟರ್ ಸತ್ತಿರಬಹುದು. ದೀಪಗಳೆಲ್ಲ ಒಮ್ಮೆಗೇ ಆರಿ ಮತ್ತೆ ಹತ್ತುವುದು ಪದೇ ಪದೇ ನಡೆಯುತ್ತಿದ್ದರೂ ಅಡಾಪ್ಟರ್ ಮೇಲೇ ಅನುಮಾನಪಡಿ. ಸಾಮಾನ್ಯವಾಗಿ 12 ವೋಲ್ಟಿನ ಆ ಪುಟ್ಟ ಡಬ್ಬಿ ಹಳತಾದಂತೆ ಸೊರಗುತ್ತದೆ, ಮೋಡೆಮ್ ಎದ್ದು ಎದ್ದು ಬೀಳುತ್ತದೆ. ಬದಲಿಸುವಾಗ ವೋಲ್ಟ್ ಅಷ್ಟೇ ಇರಲಿ, ಆಂಪಿಯರ್ ಹಳೆಯದಕ್ಕಿಂತ ಕಡಿಮೆ ಇರದಿರಲಿ. ಕರೆಂಟ್ ಹೋಗಿ ಬಂದ ಮೇಲೆ ಮೋಡೆಮ್ ಪೂರ್ತಿ ಎಚ್ಚರಾಗಲು ಎರಡು ಮೂರು ನಿಮಿಷ ಬೇಕು. ಅಷ್ಟು ತಾಳ್ಮೆ ಇಲ್ಲದೆ ಮತ್ತೆ ಮತ್ತೆ ಸ್ವಿಚ್ ಒತ್ತುವವರ ಮನೆಯಲ್ಲಿ ಅದು ಎಚ್ಚರಾಗುವುದೇ ಇಲ್ಲ.

ಪವರ್ ಸರಿಯಿದ್ದರೆ ‘ಪಾನ್’ ಮತ್ತು ‘ಎಲ್‌ಓಎಸ್’ ಎಂಬ ಎರಡು ದೀಪ ನೋಡಿ. ಪಾನ್ ಹಸಿರಾಗಿ ಅಲುಗಾಡದೆ ನಿಂತಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿದೆ, ಆಚೆಯ ಯಂತ್ರ ನಿಮ್ಮ ಮೋಡೆಮನ್ನು ಗುರುತಿಸಿದೆ. ಎಲ್‌ಓಎಸ್ ಕೆಂಪಾಗಿ ಮಿಣುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ, ಅಥವಾ ಬರುವುದು ಸಾಲುತ್ತಿಲ್ಲ. ಆ ಕೆಂಪು ದೀಪ ಕಂಡಮೇಲೆ ಲ್ಯಾಪ್‌ಟಾಪಿನಲ್ಲಿ ನೀವು ಏನು ಮಾಡಿದರೂ ವ್ಯರ್ಥ. ಪಾನ್ ಹಸಿರು, ಆದರೆ ಇಂಟರ್‌ನೆಟ್ ದೀಪ ಮಾತ್ರ ಆರಿದೆ ಅಥವಾ ಕೆಂಪಗಿದೆ ಎಂದರೆ ದಾರಿ ಸರಿಯಿದೆ, ಬಾಗಿಲು ತೆಗೆದಿಲ್ಲ. ರೀಚಾರ್ಜ್ ಮುಗಿದಿರಬಹುದು, ಲಾಗಿನ್ ತಪ್ಪಿರಬಹುದು, ಇಲ್ಲವೇ ಕೊಡುವವರ ಕಡೆಯೇ ತೊಂದರೆ ಇರಬಹುದು. ಬಿಲ್ಲಿನ ತಾರೀಖು ನೋಡಲು ನಾಚಿಕೆ ಬೇಡ. ನಾನೇ ಒಮ್ಮೆ ಇಡೀ ಭಾನುವಾರ ತಲೆಕೆಡಿಸಿಕೊಂಡ ಮೇಲೆ ಶನಿವಾರಕ್ಕೇ ಪ್ಲಾನ್ ಮುಗಿದಿತ್ತೆಂದು ಗೊತ್ತಾಗಿತ್ತು.

ಫೈಬರ್ ಎಂದರೆ ಕೂದಲೆಳೆಯಂಥ ಗಾಜು. ಆಚೆಯಿಂದ ಬರುವ ಮಾಹಿತಿ 1490 ನ್ಯಾನೋಮೀಟರ್ ಬೆಳಕಿನಲ್ಲಿ, ನಾವು ಕಳಿಸುವುದು 1310ರಲ್ಲಿ, ಒಂದೇ ಎಳೆಯಲ್ಲಿ ಎರಡೂ ಕಡೆ ಸಂಚಾರ. ಎರಡೂ ಕಣ್ಣಿಗೆ ಕಾಣದ ಬೆಳಕು. ಹಾಗಾಗಿ ತುದಿ ಕಳಚಿ ‘ಬೆಳಕು ಬರುತ್ತಿದೆಯಾ’ ಎಂದು ಒಳಗೆ ಇಣುಕಬೇಡಿ. ಕಾಣುವುದೂ ಇಲ್ಲ, ಕಣ್ಣಿಗೆ ಒಳ್ಳೆಯದೂ ಅಲ್ಲ. ಮೋಡೆಮ್‌ಗೆ ತಲುಪುವ ಬೆಳಕನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. ಮನೆಗಳಲ್ಲಿ ಅದು −20ರ ಆಸುಪಾಸು ಇದ್ದರೆ ನೆಮ್ಮದಿ, −27 ದಾಟಿ ಕೆಳಗಿಳಿದರೆ ಸಾಮಾನ್ಯ ಮೋಡೆಮ್‌ಗಳು ಕೈಚೆಲ್ಲುತ್ತವೆ. 3 ಇಳಿದರೆ ಬೆಳಕು ಅರ್ಧ, 10 ಇಳಿದರೆ ಹತ್ತರಲ್ಲೊಂದು.

ಈ ಇಳಿತಕ್ಕೆ ಫೈಬರ್ ತುಂಡಾಗಲೇಬೇಕೆಂದಿಲ್ಲ. ಬಾಗಿದರೂ ಸಾಕು. ಗಾಜಿನೊಳಗೆ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಸಾಗುವಂಥದ್ದು. ಎಳೆ ಚೂಪಾಗಿ ಮಡಚಿದ ಕಡೆ ಅದು ಪುಟಿಯದೆ ಹೊರಗೆ ಸೋರಿಹೋಗುತ್ತದೆ. ಬಾಗಲೆಂದೇ ಮಾಡಿದ ಫೈಬರ್‌ಗಳೂ ಬಗೆಗೆ ತಕ್ಕಂತೆ ಸುಮಾರು ಐದರಿಂದ ಹತ್ತು ಮಿಲಿಮೀಟರ್ ತ್ರಿಜ್ಯದವರೆಗೆ ಮಾತ್ರ ಸಹಿಸುತ್ತವೆ. ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡದ್ದು, ಮೊಳೆಗೆ ಬಿಗಿದು ಕಟ್ಟಿದ್ದು, ಟೀವಿ ಸ್ಟ್ಯಾಂಡ್ ಹಿಂದೆ ಅದುಮಿದ್ದು, ಇವೆಲ್ಲ ಅದಕ್ಕಿಂತ ಕ್ರೂರ. ಹೊರಗಡೆಯಂತೂ ಕೇಳುವುದೇ ಬೇಡ. ಗಾಳಿಗೆ ಮುರಿದ ಸಿಲ್ವರ್ ಓಕ್ ಕೊಂಬೆ, ತಂತಿಯ ಮೇಲೆ ಉಯ್ಯಾಲೆ ಆಡುವ ಮಂಗ, ಹಲ್ಲು ಮಸೆಯುವ ಅಳಿಲು. ಸಕಲೇಶಪುರ, ಆಲೂರಿನ ಕಡೆಯಾದರೆ ಈ ಪಟ್ಟಿಗೆ ಆನೆಯನ್ನೂ ಸೇರಿಸಿಕೊಳ್ಳಬೇಕು.

ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಯ ವಿಷಯ ಬೇರೆ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ಫೈಬರ್ ಬಂದಮೇಲೆ ಸಿಡಿಲಿನ ಭಯವಿಲ್ಲ ಎಂದು ಹೇಳುವವರಿದ್ದಾರೆ. ಅರ್ಧ ಸತ್ಯ. ಸಿಡಿಲು ಕರೆಂಟಿನ ಲೈನಿನಿಂದ ಅಡಾಪ್ಟರ್ ಮೂಲಕ ಒಳಗೆ ಬರಬಹುದು, ಮೋಡೆಮ್‌ನಿಂದ ಕಂಪ್ಯೂಟರಿಗೆ ಎಳೆದ ತಾಮ್ರದ ಲ್ಯಾನ್ ಕೇಬಲ್ ಹಿಡಿದು ಎರಡನ್ನೂ ಸುಡಬಹುದು. ಫೈಬರ್ ಜೊತೆಗೇ ಬಲಕ್ಕೆಂದು ಉಕ್ಕಿನ ತಂತಿ ಹೆಣೆದಿರುವ ಕೇಬಲ್‌ಗಳೂ ಇವೆ. ಗುಡುಗು ಶುರುವಾಯಿತೆಂದರೆ ಪ್ಲಗ್ ಕಿತ್ತಿಡುವ ಅಜ್ಜಿಯ ಅಭ್ಯಾಸ ಈಗಲೂ ಸರಿಯೇ.

ಪೆಟ್ಟಿಗೆಯ ಬಳಿ ನೀವು ಮಾಡಬಹುದಾದ್ದು ಕಡಿಮೆ. ಅರ್ಧ ನಿಮಿಷ ಆಫ್ ಮಾಡಿ, ಆನ್ ಮಾಡಿ, ಮೂರು ನಿಮಿಷ ಕಾಯಿರಿ. ಫೈಬರ್ ತುದಿಯ ಪ್ಲಾಸ್ಟಿಕ್ ಮೂತಿ ಸಡಿಲಾಗಿದ್ದರೆ ಮೆತ್ತಗೆ ಒತ್ತಿ ಕೂರಿಸಿ. ಕಿತ್ತು ಬಟ್ಟೆಯಲ್ಲಿ ಒರೆಸುವ ಸಾಹಸ ಬೇಡ, ಒಂದು ಕಣ ಧೂಳು ಕೂತರೂ ಬೆಳಕಿಗೆ ಅಡ್ಡ. ಮತ್ತೆ, ಹಿಂದುಗಡೆ ಸೂಜಿ ಹಾಕಿ ಒತ್ತುವ ತೂತೊಂದಿದೆಯಲ್ಲ, ರೀಸೆಟ್, ಅದಕ್ಕೆ ಕೈ ಹಾಕಲೇಬೇಡಿ. ಅದು ರೀಸ್ಟಾರ್ಟ್ ಅಲ್ಲ. ಲೈನಿನವರು ಹಾಕಿದ ಲಾಗಿನ್ನು, ವೈಫೈ ಹೆಸರು, ಪಾಸ್‌ವರ್ಡು ಎಲ್ಲ ಅಳಿಸಿ ಪೆಟ್ಟಿಗೆಯನ್ನು ಅಂಗಡಿಯಿಂದ ತಂದ ದಿನಕ್ಕೆ ಒಯ್ಯುತ್ತದೆ. ಹತ್ತು ನಿಮಿಷದಲ್ಲಿ ತಾನಾಗಿ ಬರಬಹುದಾಗಿದ್ದ ನೆಟ್ಟಿಗೆ ಆಮೇಲೆ ಲೈನ್‌ಮ್ಯಾನ್ ಬರುವವರೆಗೆ ಕಾಯಬೇಕು.

ಫೋನಿಗೆ ವೈಫೈನಲ್ಲಿ ನೆಟ್ ಚೆನ್ನಾಗಿದೆ, ಲ್ಯಾಪ್‌ಟಾಪ್‌ಗೆ ಮಾತ್ರ ಇಲ್ಲ ಎಂದಾಗ ಈಚೆ ಕಡೆಯ ಹುಡುಕಾಟ. ಮೊದಲು ಅದು ವೈಫೈಗೆ ಸೇರಿದೆಯೋ ಇಲ್ಲವೋ ನೋಡಿ. ಕೀಲಿಮಣೆಯ ಮೇಲ್ಸಾಲಿನಲ್ಲಿ ವಿಮಾನದ ಚಿತ್ರವಿರುವ ಗುಂಡಿಗೆ ಬೆರಳು ತಗುಲಿದರೆ ರೇಡಿಯೋ ಪೂರ್ತಿ ಬಂದ್. ಮಕ್ಕಳಿರುವ ಮನೆಯಲ್ಲಿ ಇದನ್ನೇ ಮೊದಲು ನೋಡಬೇಕು.

ಮನೆಯ ವೈಫೈನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಎರಡು ಬಗೆಯ ಅಲೆಗಳು, 2.4 ಮತ್ತು 5 ಗಿಗಾಹರ್ಟ್ಸ್. 5ರದ್ದು ವೇಗ ಹೆಚ್ಚು, ಗೋಡೆ ದಾಟುವ ತಾಕತ್ತು ಕಡಿಮೆ. ನಮ್ಮ ಹಳೆಯ ತೊಟ್ಟಿ ಮನೆಗಳ ದಪ್ಪ ಮಣ್ಣಿನ ಗೋಡೆ ಒಂದನ್ನು ದಾಟುವಷ್ಟರಲ್ಲಿ ಸೋತು ಹೋಗುತ್ತದೆ. ಹಜಾರದಲ್ಲಿ ಚೆನ್ನಾಗಿ ನಡೆದ ಲ್ಯಾಪ್‌ಟಾಪ್ ಕೋಣೆಗೆ ಒಯ್ದ ಕೂಡಲೇ ಸತ್ತರೆ ಅದು ಕೆಟ್ಟದ್ದಲ್ಲ, ಗೋಡೆಯ ಮಹಿಮೆ, 2.4ಕ್ಕೆ ಸೇರಿಸಿ. ಹಾಸನದ ವಿದ್ಯಾನಗರದಂಥ ಕಡೆ ತೊಂದರೆ ಇದಕ್ಕೆ ತದ್ವಿರುದ್ಧ. ಅಕ್ಕಪಕ್ಕದ ಹತ್ತು ಮನೆಯವರೂ 2.4ರಲ್ಲೇ ಇದ್ದು, ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಎಂದು ಮೂರೇ ಆದ್ದರಿಂದ ಸಂತೆಯ ಗದ್ದಲ. ಅಂಥಲ್ಲಿ 5 ಒಳ್ಳೆಯದು. ಅಡಿಗೆಮನೆಯ ಮೈಕ್ರೋವೇವ್ ಕೂಡ 2.45ರಲ್ಲೇ ಓಡುತ್ತದೆ, ಸಾರು ಬಿಸಿ ಮಾಡುವಾಗಲೆಲ್ಲ ವಿಡಿಯೋ ನಿಂತರೆ ಕಾರಣ ಅದು. ಪಾಸ್‌ವರ್ಡ್ ಬದಲಾದ ಮೇಲೆ, ಹೊಸ ಮೋಡೆಮ್ ಬಂದ ಮೇಲೆ ಲ್ಯಾಪ್‌ಟಾಪ್ ಹಳೆಯ ನೆನಪಿನಲ್ಲೇ ಬಾಗಿಲು ಬಡಿಯುತ್ತಿರುವುದೂ ಇದೆ. ವೈಫೈ ಪಟ್ಟಿಯಲ್ಲಿ ಆ ಹೆಸರನ್ನು ‘ಮರೆ’ ಎಂದು ಹೇಳಿ ಹೊಸದಾಗಿ ಸೇರಿಸಿ.

ಸೇರಿದ್ದರೂ ನೆಟ್ ಇಲ್ಲವೇ? ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇರುವ ವಿಂಡೋಸ್ ಶಟ್‌ಡೌನ್ ಆಗುವಾಗ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಏಳುವಾಗ ಅದನ್ನೇ ಎತ್ತಿಕೊಳ್ಳುತ್ತದೆ. ನಿನ್ನೆಯ ತಲೆನೋವಿನ ಸಮೇತ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಮೊದಲಿನಿಂದ ಶುರು ಮಾಡುತ್ತದೆ. ‘ಆಫ್ ಮಾಡಿ ಆನ್ ಮಾಡಿದೆ, ಹೋಗಲಿಲ್ಲ’ ಎನ್ನುವವರು ಹೆಚ್ಚಿನಂಶ ಇದನ್ನು ತಿಳಿಯದವರು.

ಅದಕ್ಕೂ ಬಗ್ಗದಿದ್ದರೆ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆದು ‘ಐಪಿಕಾನ್ಫಿಗ್’ ಎಂದು ಟೈಪ್ ಮಾಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಐ, ಪಿ, ಸಿ, ಓ, ಎನ್, ಎಫ್, ಐ, ಜಿ, ನಡುವೆ ಜಾಗ ಬಿಡಬಾರದು. ಬರುವ ಸಾಲುಗಳಲ್ಲಿ ಐಪಿವಿ4 ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಲ್ಯಾಪ್‌ಟಾಪಿನ ಗುರುತಿನ ಸಂಖ್ಯೆ, ಹುಡುಕಿ. 192.168ರಿಂದ ಶುರುವಾಗಿದ್ದರೆ ಮೋಡೆಮ್ ನಿಮಗೊಂದು ವಿಳಾಸ ಕೊಟ್ಟಿದೆ. ಇಂಥ ವಿಳಾಸಗಳನ್ನು ಮನೆಯೊಳಗಿನ ಬಳಕೆಗೆಂದೇ 1996ರ ನಿಯಮವೊಂದು ತೆಗೆದಿಟ್ಟಿದೆ. ನಮ್ಮ ಊರೂರಲ್ಲೂ ಒಂದು ‘ದೊಡ್ಮನೆ’ ಇರುತ್ತದಲ್ಲ, ಹಾಗೆ. ಆಯಾ ಊರಿನೊಳಗೆ ದೊಡ್ಮನೆ ಎಂದರೆ ಯಾವುದೆಂದು ಎಲ್ಲರಿಗೂ ಗೊತ್ತು, ಊರಾಚೆ ಆ ಹೆಸರಿಗೆ ಕಾಗದ ಬರೆದರೆ ಎಲ್ಲಿಗೂ ತಲುಪುವುದಿಲ್ಲ. ಆದರೆ ವಿಳಾಸ 169.254ರಿಂದ ಶುರುವಾಗಿದೆಯೋ, ಅದು ಯಾರೂ ಕೊಟ್ಟದ್ದಲ್ಲ. ಕೇಳಿ ಕೇಳಿ ಉತ್ತರ ಸಿಗದೆ ಲ್ಯಾಪ್‌ಟಾಪ್ ತಾನೇ ಇಟ್ಟುಕೊಂಡ ಹೆಸರು. ವೈಫೈ ಆಫ್ ಮಾಡಿ ಆನ್ ಮಾಡಿ. ಇಲ್ಲವಾದರೆ ಮೋಡೆಮನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಹೆಚ್ಚಾಗಿ ಸರಿಹೋಗುತ್ತದೆ.

ವಿಳಾಸ ಸರಿಯಿದ್ದರೆ ಅದೇ ಕಿಟಕಿಯಲ್ಲಿ ‘ಪಿಂಗ್’ (ಪಿ, ಐ, ಎನ್, ಜಿ) ಎಂದು ಬರೆದು, ಒಂದು ಜಾಗ ಬಿಟ್ಟು, ಐಪಿಕಾನ್ಫಿಗ್ ತೋರಿಸಿದ ಗೇಟ್‌ವೇ ಸಂಖ್ಯೆ, ಅಂದರೆ ಮೋಡೆಮಿನ ವಿಳಾಸ, ಹಾಕಿ. ಮೋಡೆಮ್ ಉತ್ತರ ಕೊಟ್ಟಿತೇ? ಈಗ 8.8.8.8 ಹಾಕಿ, ಅದು ಗೂಗಲ್‌ನದು. ಅದೂ ಉತ್ತರಿಸಿತೆಂದರೆ ನೆಟ್ ಬರುತ್ತಿದೆ. ಆದರೂ ಒಂದು ಪುಟವೂ ತೆರೆಯುತ್ತಿಲ್ಲವೆಂದರೆ ತಪ್ಪು ಹೆಚ್ಚಾಗಿ ಡಿಎನ್‌ಎಸ್‌ನದು. ನಮ್ಮಲ್ಲಿ ಎಸ್ಟೇಟ್ ಮನೆಗಳಿಗೆ ಹೆಸರೇ ಗುರುತು, ನಂಬರ್ ಯಾರಿಗೂ ಗೊತ್ತಿಲ್ಲ. ಹೊಸಬರು ಮೂಡಿಗೆರೆ ಹ್ಯಾಂಡ್‌ಪೋಸ್ಟ್‌ನಲ್ಲಿ ಗಾಡಿ ನಿಲ್ಲಿಸಿ, ಅಂಗಡಿಯವರನ್ನು ಕೇಳಿ, ದಾರಿ ತಿಳಿದು ಮುಂದೆ ಹೋಗಬೇಕು. ಇಂಟರ್‌ನೆಟ್ಟಿನಲ್ಲಿ ಆ ಅಂಗಡಿಯವರ ಕೆಲಸ ಡಿಎನ್‌ಎಸ್‌ನದು, ಹೆಸರು ಕೇಳಿ ಸಂಖ್ಯೆ ಹೇಳುವುದು. 1983ರಲ್ಲಿ ಕಂಪ್ಯೂಟರ್ ವಿಜ್ಞಾನಿ ಪಾಲ್ ಮೊಕಾಪೆಟ್ರಿಸ್ ಇದನ್ನು ರೂಪಿಸುವ ಮೊದಲು ಅಮೆರಿಕದ ಸಂಸ್ಥೆಯೊಂದು ಎಲ್ಲ ಹೆಸರುಗಳನ್ನೂ ಒಂದೇ ಕಡತದಲ್ಲಿ ಬರೆದಿಟ್ಟು ಹಂಚುತ್ತಿತ್ತು! ಅಂಗಡಿ ಬಾಗಿಲು ಹಾಕಿದೆ ಎಂದ ಮಾತ್ರಕ್ಕೆ ರಸ್ತೆ ಮುಚ್ಚಿಲ್ಲ. ಬೇರೆ ಅಂಗಡಿಯಲ್ಲಿ ಕೇಳಬೇಕು ಅಷ್ಟೇ. ವೈಫೈ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಜಾಗಕ್ಕೆ 1.1.1.1 ಅಥವಾ 8.8.8.8 ಎಂದು ಕೈಯಾರೆ ಹಾಕಿ ನೋಡಿ. ಕಂಪನಿಯ ಲ್ಯಾಪ್‌ಟಾಪ್ ಆಗಿದ್ದರೆ ಅದಕ್ಕೂ ಮೊದಲು ವಿಪಿಎನ್ ಬಿಡಿಸಿ ನೋಡಿ. ವಿಪಿಎನ್ ಅರ್ಧದಲ್ಲಿ ಕಡಿದಾಗ ಗುಟ್ಟು ಹೊರಗೆ ಹೋಗದಿರಲೆಂದು ಇಡೀ ನೆಟ್ಟನ್ನೇ ತಡೆಹಿಡಿಯುವ ಏರ್ಪಾಡು ಕೆಲವದರಲ್ಲಿದೆ.

ಬಹಳ ಜನರಿಗೆ ಹೊಳೆಯದ ಕಾರಣವೊಂದು, ತಾರೀಖು. ತಿಂಗಳುಗಟ್ಟಲೆ ಬೀರುವಿನಲ್ಲಿದ್ದ ಹಳೆಯ ಲ್ಯಾಪ್‌ಟಾಪ್ ತೆಗೆದರೆ ಗಡಿಯಾರ ಎಷ್ಟೋ ವರ್ಷ ಹಿಂದೆ ನಿಂತಿರುತ್ತದೆ, ಒಳಗಿನ ಪುಟ್ಟ ಬ್ಯಾಟರಿ ಸತ್ತಿರುತ್ತದೆ. ಬ್ಯಾಂಕು, ಮೇಲ್ ತಾಣಗಳು ತೋರಿಸುವ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇದೆ. ಲ್ಯಾಪ್‌ಟಾಪ್ ಇನ್ನೂ ಹಳೆಯ ವರ್ಷದಲ್ಲೇ ಇದ್ದರೆ ಆ ಪತ್ರಗಳೆಲ್ಲ ಅದಕ್ಕೆ ಸುಳ್ಳಾಗಿ ಕಾಣುತ್ತವೆ, ಪುಟ ತೆರೆಯಲು ಒಪ್ಪುವುದಿಲ್ಲ. ತಾರೀಖು ಸರಿ ಮಾಡಿದರೆ ಮುಗಿಯಿತು.

ವೈಫೈ ಎಂಬ ಆಯ್ಕೆಯೇ ಸೆಟ್ಟಿಂಗಿನಿಂದ ಮಾಯವಾಗಿದ್ದರೆ ವೈಫೈ ಕಾರ್ಡು, ಇಲ್ಲವೇ ಅದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಕೈಕೊಟ್ಟಿದೆ. ಡಿವೈಸ್ ಮ್ಯಾನೇಜರ್‌ಗೆ ಹೋಗಿ, ಇತ್ತೀಚೆಗೆ ಅಪ್‌ಡೇಟ್ ಆಗಿದ್ದರೆ ಹಳೆಯ ಡ್ರೈವರ್‌ಗೆ ಮರಳಬಹುದು. ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಬೇಕೆಂದರೆ ಡ್ರೈವರ್ ಬೇಕು ಎಂಬ ಪೇಚಿಗೆ ಫೋನನ್ನು ಚಾರ್ಜಿಂಗ್ ವೈರಿನಲ್ಲೇ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡುವುದೇ ದಾರಿ. ಅದಕ್ಕೆ ವೈಫೈ ಕಾರ್ಡಿನ ಹಂಗಿಲ್ಲ. ನನ್ನ ಅಣ್ಣನ ಮಗಳು ಎಲ್ಲಕ್ಕಿಂತ ಮೊದಲು ಒತ್ತಿದ ‘ನೆಟ್‌ವರ್ಕ್ ರೀಸೆಟ್’ ಇರಬೇಕಾದ ಜಾಗ ಇದಾದ ಮೇಲೆ, ಎಲ್ಲಕ್ಕಿಂತ ಕೊನೆಗೆ.

ಅವತ್ತು ಅವಳಿಗೆ ದೂರು ಕೊಡುವಾಗ ‘ನೆಟ್ ಇಲ್ಲ’ ಎನ್ನಬೇಡ, ‘ಎಲ್‌ಓಎಸ್ ಕೆಂಪು, ರಾತ್ರಿ ಎಂಟರಿಂದ, ಆಫ್ ಮಾಡಿ ಆನ್ ಮಾಡಿ ಆಗಿದೆ’ ಎಂದು ಹೇಳು ಎಂದೆ. ಹಾಗೆ ಹೇಳಿದರೆ ಬರುವವರು ಏಣಿ, ಫೈಬರ್ ಜೋಡಿಸುವ ಯಂತ್ರ ಎರಡನ್ನೂ ಹೊತ್ತು ತರುತ್ತಾರೆ. ಮಧ್ಯಾಹ್ನ ಮೂರಕ್ಕೆ ಮಳೆಯಲ್ಲೇ ಬಂದ ಲೈನ್‌ಮ್ಯಾನ್ ಕಂಬದ ಹತ್ತಿರ ಅಳೆದರು, −19. ಮನೆಯೊಳಗೆ ಅಳೆದರು, −31. ನಡುವೆ ಇರುವುದು ಎಂಬತ್ತು ಅಡಿ ವೈರು, ಎಲ್ಲೂ ತುಂಡಾಗಿಲ್ಲ. ಕಣ್ಣಾಡಿಸುತ್ತಾ ಬಂದವರು ಜಗುಲಿಯ ಮುಂದೆ ನಿಂತರು. ಇರಚಲು ಹೊಡೆಯದಿರಲೆಂದು ಹಿಂದಿನ ದಿನ ಸಂಜೆ ಅಣ್ಣ ಟಾರ್ಪಾಲು ಕಟ್ಟಿದ್ದ. ಹಗ್ಗವನ್ನು ಫೈಬರಿಗೂ ಸೇರಿಸಿ ಮೊಳೆಗೆ ಬಿಗಿದಿದ್ದ. ರಾತ್ರಿಯ ಗಾಳಿಗೆ ಟಾರ್ಪಾಲು ಜಗ್ಗಿ ಜಗ್ಗಿ ವೈರು ಮೊಳೆಯ ಮೇಲೆ ಮಡಚಿಕೊಂಡಿತ್ತು. ಗಂಟು ಸಡಿಲಿಸಿ ಮಡಿಕೆ ಬಿಡಿಸಿದರು. ಒಳಗಿನಿಂದ ಅವಳು ಕೂಗಿದಳು, “ಚಿಕ್ಕಪ್ಪಾ, ಹಸಿರು ಬಂತು!” ವಿಪಿಎನ್ ಮಾತ್ರ ಮರುದಿನ ಮಧ್ಯಾಹ್ನದವರೆಗೂ ಬರಲಿಲ್ಲ.